ಗಂಧದ ಕೊರಡು, ಸೀಗೆಯ ಬಳ್ಳಿ

ಶನಿವಾರಸಂತೆಯ ಪೇಟೆಗೆ ಸೀಗೆಕಾಯಿ ಕೊಳ್ಳುವುದಕ್ಕೆಂದು ನಮ್ಮ ಅಜ್ಜಿ ಹೊರಟರೆಂದರೆ ಆ ದಿನದ ಪೂರ್ವಾಹ್ಣವೆಲ್ಲ ಅದಕ್ಕೇ ಮೀಸಲಾಗುತ್ತಿತ್ತು. ಗೋಣಿಯ ಮೇಲೆ ಸುರಿದ ರಾಶಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಕಾಯನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, ಬೀಜವು ಒಳಗೆ ಗಿಲಕಿಯಂತೆ ನುಡಿದರೆ ಒಣಗು ಸರಿಯಾಗಿದೆಯೆಂದು ತಿಳಿದು, ಅದನ್ನು ಲಟಕ್ಕನೆ ಮುರಿದು, ಸಿಪ್ಪೆಯ ಒಳಮೈಯಲ್ಲಿ ಹುಳು ಕೊರೆದ ಹಿಟ್ಟು ಇಲ್ಲವೆಂಬುದನ್ನು ಬೆಳಕಿಗೆ ಹಿಡಿದು ನೋಡಿ, ಕಡೆಗೆ ಒಂದು ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿಕೊಂಡು ಅದರ ಹುಳಿಯೊಗರನ್ನು ಪರೀಕ್ಷಿಸಿದ ಮೇಲೆಯೇ ಅವರು ಬಾಯಿ ತೆರೆಯುತ್ತಿದ್ದರು. ಬೆಲೆಯ ಮಾತು ಆಗಲೂ ಬರುತ್ತಿರಲಿಲ್ಲ. “ಯಾವ ಕಾಡಿನದಪ್ಪ ಇದು? ಕೊಯ್ದು ಎಷ್ಟು ದಿನವಾಯಿತು?” ಎಂದು ಕೇಳುತ್ತಿದ್ದರು. ಮಾರುವವನು ಕಾಡಿನ ಹೆಸರನ್ನೂ ತಂದುಕೊಟ್ಟವರ ಹಾಡಿಯ ಹೆಸರನ್ನೂ ಹೇಳಿದರೆ ಸೇರು ತುಂಬುತ್ತಿತ್ತು. ತಡವರಿಸಿದರೆ ಅಜ್ಜಿ ಸೆರಗು ಕೊಡವಿಕೊಂಡು ಎದ್ದು ಮುಂದಿನ ರಾಶಿಗೆ ನಡೆಯುತ್ತಿದ್ದರು.

ಇಂದು ಮಡಿಕೇರಿಯ ಬೀದಿಗಳಲ್ಲಿ ನಡೆದುಹೋಗುವ ಪ್ರವಾಸಿಗನ ಕಣ್ಣಿಗೆ ಕಾಫಿಪುಡಿ ಬೆರೆಸಿದ ಸಾಬೂನು, ಜೇನುಮೇಣದ ತುಟಿಲೇಪ, ಕಿತ್ತಳೆಸಿಪ್ಪೆಯ ಮುಖಚೂರ್ಣ, ಅಂಟುವಾಳದ ಶಾಂಪೂ ಮುಂತಾದವು ಸಾಲುಸಾಲಾಗಿ ಬೀಳುತ್ತವೆ. ಬಹುಮಟ್ಟಿಗೆ ಎಲ್ಲದರ ಮೇಲೆಯೂ ‘ಸಾವಯವ’ ಎಂದೋ ‘ನೈಸರ್ಗಿಕ’ ಎಂದೋ ಬರೆದಿರುತ್ತದೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಮಕ್ಕಳ ಮೈಗೆ ಹಚ್ಚಬಹುದು ಎಂದು ಬಂಧುಗಳೂ ಸ್ನೇಹಿತರೂ ನನ್ನನ್ನು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು, ಈ ಸೀಮೆಯಲ್ಲಿ ಜನರು ಮೈಯನ್ನೂ ಕೂದಲನ್ನೂ ಯಾವುದರಿಂದ ತೊಳೆದುಕೊಳ್ಳುತ್ತಿದ್ದರು, ಆ ಪದಾರ್ಥಗಳು ಯಾರ ಕೈಯಿಂದ ಯಾರ ಕೈಗೆ ಬರುತ್ತಿದ್ದುವು, ಆ ಕೈಗಳ ನಡುವಣ ಪರಿಚಯವು ಯಾವಾಗ ಕಡಿದುಹೋಯಿತು ಎಂಬ ಹಳೆಯ ಕಥೆಯನ್ನು ಕೊಂಚ ಬಿಡಿಸಿ ನೋಡಬೇಕೆಂದು ನನಗೆ ತೋರುತ್ತದೆ.

ಕೊಡಗು ಕಿರಿದಾದ ಸೀಮೆಯೇ ಆದರೂ ಅದರೊಳಗೆ ಎರಡು ಹವೆಗಳಿವೆ. ಪಶ್ಚಿಮದಲ್ಲಿ ಬ್ರಹ್ಮಗಿರಿಯ ತಪ್ಪಲಿನ ಭಾಗಮಂಡಲದಲ್ಲಿ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಸುರಿದರೆ, ಪೂರ್ವದಲ್ಲಿ ಕಾವೇರಿಯು ಬಯಲಿಗಿಳಿಯುವ ಕುಶಾಲನಗರದ ಸುತ್ತ ಅದರ ಐದನೆಯ ಒಂದು ಪಾಲೂ ಬೀಳುವುದು ಅಪರೂಪ. ಮಳೆ ಹೆಚ್ಚಿರುವ ಕಡೆ ಧೂಪದ ಮರ, ಕಾಚಂಪುಳಿಯೆಂಬ ಹುಳಿರಸಕ್ಕೆ ಹಣ್ಣು ಕೊಡುವ ಪನಪುಳಿ, ಮರದ ಕೊಂಬೆಗಳಲ್ಲಿ ಹೆಜ್ಜೇನು. ಮಳೆ ಇಳಿಮುಖವಾಗುತ್ತ ಬಂದ ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದ ಕಡೆಗೆ ಸೀಗೆಯ ಬಳ್ಳಿ, ಅಂಟುವಾಳ, ಶ್ರೀಗಂಧ. ಸೀಗೆ ಬಳ್ಳಿಯೆಂದರೆ ಮಲ್ಲಿಗೆಯ ಹಾಗೆ ಸುಕುಮಾರವಾದುದೆಂದು ನೋಡದವರು ಎಣಿಸಬಹುದು. ಅದು ತೋಳುಗಾತ್ರ ಬೆಳೆದು, ಮೈತುಂಬ ಕೊಕ್ಕೆಮುಳ್ಳು ತೊಟ್ಟು, ಆನೆಯೂ ಹೊಗಲು ಹಿಂಜರಿಯುವ ಮೆಳೆಯಾಗಿ ಮರದಿಂದ ಮರಕ್ಕೆ ಹಬ್ಬುವ ಕಾಡುಬಳ್ಳಿ. ಅದರ ಕಾಯನ್ನು ಇಳಿಸಿ ತರುವವರ ತೋಳುಗಳ ಮೇಲೆ ಗೀರುಗಳ ಲಿಪಿಯೇ ಇರುತ್ತದೆ.

ಶನಿವಾರಸಂತೆಗೆ ಸಮೀಪದ ಮುಳ್ಳೂರಿನಲ್ಲಿ ಹನ್ನೊಂದನೆಯ ಶತಮಾನದ ಜೈನ ಬಸದಿಗಳಿವೆ. ಕೊಂಗಾಳ್ವ ಅರಸರ ಕಾಲದವು. ಜಿನಪೂಜೆಯ ಅಷ್ಟವಿಧಾರ್ಚನೆಯಲ್ಲಿ ಜಲದ ಅನಂತರ ಬರುವುದು ಗಂಧ. ಸುತ್ತಲ ಒಣಕಾಡಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಮರದ ಚೇಗು ಈ ಕಲ್ಲುಗುಡಿಗಳ ಸಾಣೆಕಲ್ಲಿನ ಮೇಲೆ ತೇಯ್ದು ತಣ್ಣಗೆ ಹರಿದಿರಬೇಕೆಂದು ಊಹಿಸುವುದಕ್ಕೆ ಶಾಸನದ ಆಧಾರ ಬೇಕಾಗಿಲ್ಲ. ಅದೇ ಶತಮಾನದ ಆದಿಯಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವನ್ನು ರಚಿಸಿ, ಬಾವಿ ತೋಡುವುದು, ಗಿಡಮರಗಳಿಗೆ ಮದ್ದು ಮಾಡುವುದು, ಅಡುಗೆ ಇವುಗಳ ಜೊತೆಗೆ ಸುಗಂಧದ್ರವ್ಯಗಳನ್ನು ಕೂಡಿಸುವ ಬಗೆಯನ್ನೂ ಹೇಳಿದನು. ನೂರು ವರ್ಷಗಳ ಮೇಲೆ, 1130ರ ಸುಮಾರಿನಲ್ಲಿ, ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನೂ ಅಂಗಲೇಪನವನ್ನೂ ರಾಜಭೋಗಗಳ ಸಾಲಿಗೆ ಸೇರಿಸಿ ಅವಕ್ಕೆ ಪ್ರತ್ಯೇಕವಾದ ಪ್ರಕರಣಗಳನ್ನು ಮೀಸಲಿಟ್ಟನು. ಒಂದು ಗ್ರಂಥ ಲೋಕಕ್ಕೆ ಉಪಕಾರವಾಗಲೆಂದು, ಮತ್ತೊಂದು ಅರಸನ ಮನಸ್ಸಿನ ಉಲ್ಲಾಸಕ್ಕೆಂದು. ಆದರೂ ಎರಡೂ ಮೈಯ ಆರೈಕೆಯನ್ನು ವಿದ್ಯೆಯೆಂದೇ ಬಗೆದುವು. ಕನ್ನಡನಾಡಿನಲ್ಲಿ ಚರ್ಮದ ಕಾಂತಿಯ ಮಾತು ನಿನ್ನೆ ಮೊನ್ನೆ ಹೊರಗಿನಿಂದ ಬಂದುದೆಂದು ತಿಳಿಯುವವರು ಈ ಎರಡು ಹೆಸರುಗಳನ್ನಾದರೂ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಗ್ರಂಥದಿಂದ ಬಚ್ಚಲುಮನೆಗೆ ಬರೋಣ. ನಮ್ಮ ಮನೆಯ ಬಚ್ಚಲು ಅಡುಗೆಮನೆಗಿಂತ ದೊಡ್ಡದಾಗಿತ್ತು. ಮಣ್ಣಿನ ಒಲೆಯಲ್ಲಿ ಹುಗಿದ ತಾಮ್ರದ ಹಂಡೆ, ಅದರ ಬಾಯಿಯ ತನಕ ನೀರು, ಕೆಳಗೆ ಕಾಫಿಗಿಡದ ಬೊಡ್ಡೆಗಳ ನಿಧಾನವಾದ ಬೆಂಕಿ. ವಾರಕ್ಕೊಂದು ದಿನ ಎಣ್ಣೆಸ್ನಾನ. ಬೆಳಗಿನ ಜಾವವೇ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆಚ್ಚಗೆ ಮಾಡಿ, ನೆತ್ತಿಯಿಂದ ಹಿಮ್ಮಡಿಯ ತನಕ ಒತ್ತಿ ತಿಕ್ಕಿ, ಮಣೆಯ ಮೇಲೆ ಕೂರಿಸುತ್ತಿದ್ದರು. ಎಣ್ಣೆ ಹೀರುವ ತನಕ ಆಟವಿಲ್ಲ, ಮಾತು ಮಾತ್ರ. ಅಷ್ಟರಲ್ಲಿ ಹಿಂದಿನ ರಾತ್ರಿ ನೆನೆಹಾಕಿದ ಸೀಗೆಯನ್ನು ಅಂಟುವಾಳದ ಸಿಪ್ಪೆಯೊಡನೆ ಒಂದು ಕುದಿ ಬರಿಸಿ ಕಿವುಚಿದರೆ, ಕಂದುಬಣ್ಣದ ತೆಳುವಾದ ಗಂಜಿಯಂಥ ರಸ ಸಿದ್ಧವಾಗುತ್ತಿತ್ತು. ಅದನ್ನು ನೆತ್ತಿಗೆ ಹೊಯ್ದಾಗ ಏಳುವ ನೊರೆ ಅಲ್ಪ. ಇಂದಿನ ಮಕ್ಕಳು ನೋಡಿದರೆ ಇದೇನು ತೊಳೆದೀತೆಂದು ಕೇಳಿಯಾರು. ಆದರೆ ಕೈಬೆರಳುಗಳ ನಡುವೆ ಎಣ್ಣೆಯು ಜಿಡ್ಡು ಬಿಟ್ಟು ಕದಡಿದ ಹಾಲಿನಂತಾಗಿ ಇಳಿದುಹೋಗುವುದನ್ನು ಕಂಡವರಿಗೆ ಸಂಶಯ ಉಳಿಯುತ್ತಿರಲಿಲ್ಲ. ಮೈಗೆ ಹೆಸರುಹಿಟ್ಟು, ಅದಕ್ಕೆ ಕಸ್ತೂರಿ ಅರಿಶಿನ ಒಂದು ಚಿಟಿಕೆ, ಚಳಿಗಾಲವಾದರೆ ನೆರಳಿನಲ್ಲಿ ಒಣಗಿಸಿ ಕುಟ್ಟಿದ ಕಿತ್ತಳೆಸಿಪ್ಪೆಯ ಪುಡಿ.

ಕೊಡಗಿನ ಕಿತ್ತಳೆ ಆಗ ಪ್ರತಿಯೊಂದು ಕಾಫಿತೋಟದಲ್ಲಿಯೂ ನೆರಳಿನ ಮರಗಳ ನಡುವೆ ತುಂಬಿ ನಿಂತಿತ್ತು. ಹಣ್ಣನ್ನು ತಿಂದವರು ಸಿಪ್ಪೆಯನ್ನು ಎಸೆಯುವಂತಿರಲಿಲ್ಲ. ಮಾಡಿನ ಕೆಳಗಿನ ಮೊರಕ್ಕೆ ಹಾಕಬೇಕು. ಕಳೆದ ಶತಮಾನದ ಉತ್ತರಾರ್ಧದಲ್ಲಿ ರೋಗಗಳಿಗೆ ಸಿಕ್ಕಿ ಆ ಮರಗಳು ತೋಟತೋಟವಾಗಿ ಒಣಗಿಹೋದುವು. ಇಂದು ಭೌಗೋಳಿಕ ಸೂಚಕದ ಮಾನ್ಯತೆಯೇನೋ ಕೊಡಗಿನ ಕಿತ್ತಳೆಗೆ ದೊರೆತಿದೆ. ಮೊರ ತುಂಬುವಷ್ಟು ಸಿಪ್ಪೆ ಮಾತ್ರ ನಮ್ಮ ಮನೆಯಲ್ಲಿ ಸಿಕ್ಕುವುದಿಲ್ಲ.

ಮಳೆಗಾಲದಲ್ಲಿ ತಲೆಗೆ ಹೊಯ್ದುಕೊಂಡ ನೀರು ಆರುವುದೇ ದೊಡ್ಡ ಕೆಲಸ. ಕಕ್ಕಡ ಮಾಸವೆಂದರೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಬಟ್ಟೆಯೂ ಆರದು, ಕೂದಲೂ ಆರದು. ಕೆಂಡದ ಮೇಲೆ ಹಾಲುಮಡ್ಡಿಯನ್ನೋ ಧೂಪವನ್ನೋ ಉದುರಿಸಿ, ಮೇಲೊಂದು ಬುಟ್ಟಿ ಕವುಚಿ, ಬಾಣಂತಿಯ ಕೂದಲನ್ನು ಅದರ ಮೇಲೆ ಹರಡಿ ಕೂರಿಸುತ್ತಿದ್ದರು. ಕಕ್ಕಡದ 18ನೆಯ ದಿನ ಮದ್ದುಸೊಪ್ಪಿನ ದಿನ. ಕಾಡಂಚಿನಲ್ಲಿ ವರ್ಷವೆಲ್ಲ ನಿಂತಿರುವ ಆ ಗಿಡಕ್ಕೆ ಕಂಪೂ ಗುಣವೂ ತುಂಬಿಬರುವುದು ಅಂದೇ ಎಂದು ಕೊಡಗಿನ ಜನರ ನಂಬಿಕೆ; ಅದರ ನೇರಿಳೆಬಣ್ಣದ ರಸದಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ, ಹದಿನೆಂಟು ಬಗೆಯ ಮದ್ದು ಅದರಲ್ಲಿ ಕೂಡಿದೆಯೆಂದು ಹೇಳುತ್ತಾರೆ. ಮದ್ದುಸೊಪ್ಪು ಹೊಟ್ಟೆಗೆ ಹೋಗುವ ವಸ್ತು, ಮೈಗೆ ಹಚ್ಚುವುದಲ್ಲ. ಅದನ್ನು ಇಲ್ಲಿ ನೆನೆದುದಕ್ಕೆ ಕಾರಣವೇನೆಂದರೆ, ಗಿಡದ ಹೆಸರು ಗೊತ್ತಿದ್ದರೆ ಸಾಲದು, ಅದರ ಕಾಲವೂ ಗೊತ್ತಿರಬೇಕೆಂಬ ತಿಳಿವಳಿಕೆ ಈ ಸೀಮೆಯ ಪಂಚಾಂಗದಲ್ಲೇ ಹೊಕ್ಕಿದೆ. “ಕೊಯ್ದು ಎಷ್ಟು ದಿನವಾಯಿತು?” ಎಂಬ ಅಜ್ಜಿಯ ಪ್ರಶ್ನೆಯ ಬೇರು ಅಲ್ಲಿದೆ.

ಕಾಡಿನಿಂದ ಬಂದುದೆಲ್ಲ ಹಿತವೆಂಬ ಭ್ರಾಂತಿ ಹಿಂದಿನವರಿಗೆ ಇರಲಿಲ್ಲ. ಕಾಡುಗೇರಿನ ಜಾತಿಯ ಮರಗಳ ಹಾಲು ತಗುಲಿದರೆ ಚರ್ಮ ಸುಟ್ಟು ಬೊಕ್ಕೆಯೇಳುತ್ತದೆ. ಮರ ಕಡಿಯುವವರು ಅದರ ಬಳಿ ಬಂದಾಗ ದಾರಿ ಬಿಟ್ಟು ನಡೆಯುತ್ತಾರೆ. ತುರಿಚೆ ಸೊಪ್ಪಿನ ಉರಿ ಮಕ್ಕಳಿಗೆಲ್ಲ ಗೊತ್ತು. ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ದಿನ ಕೊಡವರು ಕೋವಿಗೆ ಏರಿಸುವ ಚೆಲುವಾದ ತೋಕ್‌ಪೂವಿನ ಗೆಡ್ಡೆ ವಿಷ. ಸೀಗೆಯ ನೀರೂ ಕಣ್ಣಿಗೆ ಬಿದ್ದರೆ ಕೆಂಡ. ಆದುದರಿಂದಲೇ ಅಜ್ಜಿ ಹೊಸ ಪುಡಿಯನ್ನು ಮೊದಲು ತಮ್ಮ ಮೊಣಕೈಯ ಒಳಮಡಿಕೆಗೆ ಹಚ್ಚಿಕೊಂಡು, ಒಂದು ದಿನ ಕಳೆದು, ನವೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮಾತ್ರ ಮಗುವಿಗೆ ಹಚ್ಚುತ್ತಿದ್ದರು. ಚರ್ಮವೈದ್ಯರು ಇಂದು ಹೇಳುವ ಎಚ್ಚರಿಕೆ ಅದೇ. ಸೀಗೆಯ ಗುಣಕ್ಕೂ ಈಗ ವಿವರಣೆಯಿದೆ: ಅದರಲ್ಲಿಯೂ ಅಂಟುವಾಳದಲ್ಲಿಯೂ ಇರುವ ಸಪೋನಿನ್ ಎಂಬ ಸಂಯುಕ್ತವು ಎಣ್ಣೆಯನ್ನು ನೀರಿನೊಡನೆ ಬೆಸೆದು ಇಳಿಸುತ್ತದೆ, ಸೀಗೆಯ ರಸ ಕಿಂಚಿತ್ ಆಮ್ಲಗುಣದ್ದಾದ್ದರಿಂದ, ಸ್ವಭಾವತಃ ಆಮ್ಲವಾಗಿರುವ ನೆತ್ತಿಗೆ ಹೊಂದಿಕೊಳ್ಳುತ್ತದೆ, ಸಾಬೂನಾದರೋ ಕ್ಷಾರ.

ಶ್ರೀಗಂಧದ ಕಥೆ ಇವೆಲ್ಲಕ್ಕಿಂತ ದೊಡ್ಡದು, ದುಃಖದ್ದೂ ಹೌದು. ಈ ಮರ ಬಾಳುವ ರೀತಿಯೇ ವಿಶಿಷ್ಟ. ಎಲೆಯಲ್ಲಿ ತಾನೇ ಅನ್ನ ಬೇಯಿಸಿಕೊಳ್ಳುತ್ತದೆ. ಆದರೆ ನೀರಿಗೂ ಲವಣಕ್ಕೂ ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ಹೀರಿಕೊಳ್ಳುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಅದರ ಪರಿಮಳವಿರುವುದು ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದು ಕೂಡಿಬರುವುದಕ್ಕೆ ದಶಕಗಳು ಹಿಡಿಯುತ್ತವೆ. ಇಂಥ ಮರ ಅರಸರ ಕಣ್ಣಿಗೆ ಬೀಳದೆ ಇರುತ್ತದೆಯೇ? ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. ಕೊಡಗಿನಲ್ಲಿ ಹಾಲೇರಿ ಅರಸರ ಆಳ್ವಿಕೆ 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಮುಗಿದು, ಕುಂಪಣಿಯ ಕರ್ನಲ್ ಫ್ರೇಜರನ ಹೆಸರು ಕುಶಾಲನಗರಕ್ಕೆ ಫ್ರೇಜರ್‌ಪೇಟೆಯೆಂದು ಅಂಟಿಕೊಂಡ ಮೇಲೆ, ಗಂಧದ ಮರದ ಮೇಲಣ ಹಕ್ಕು ಕುಂಪಣಿಗೆ, ಅನಂತರ ಬ್ರಿಟಿಷ್ ಸರ್ಕಾರಕ್ಕೆ ಸೇರಿತು. ರೈತನ ಹೊಲದ ಬದುವಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಗಂಧದ ಸಸಿ ಎದ್ದರೆ ಅದು ರೈತನದಲ್ಲ. ಕಾಯುವ ಹೊಣೆ ಮಾತ್ರ ಅವನದು, ಕಳುವಾದರೆ ಜವಾಬು ಅವನದು. ಫಲವೇನೆಂದರೆ, ಸಸಿ ಮೊಣಕಾಲೆತ್ತರ ಬರುವುದಕ್ಕೆ ಮೊದಲೇ ಗುಟ್ಟಾಗಿ ಕಿತ್ತೆಸೆಯುವ ರೂಢಿ ಹಳ್ಳಿಹಳ್ಳಿಯಲ್ಲಿ ಬೆಳೆಯಿತು. ಈ ಅನ್ಯಾಯ ಕರ್ನಾಟಕದ ಅರಣ್ಯ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾಗಿ ಜಮೀನಿನ ಒಡೆಯನೇ ಮರದ ಒಡೆಯನೆಂದು ಸಾರುವ ತನಕ ನಡೆಯಿತು. ಎರಡು ಶತಮಾನ ಕಾಲ ಜನರನ್ನು ಅವರ ಅಂಗಳದ ಮರಕ್ಕೆ ಪರಕೀಯರನ್ನಾಗಿ ಮಾಡಿದ ಕಟ್ಟಳೆಗಿಂತ ಹೆಚ್ಚು ಹಾನಿಯನ್ನು ಗಂಧಕ್ಕೆ ಯಾವ ಕಳ್ಳನೂ ಮಾಡಿಲ್ಲವೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಮನುಷ್ಯನ ಕಟ್ಟಳೆ ಸಾಲದೆಂಬಂತೆ ರೋಗವೊಂದು ಬಂದಿತು. 1899ರಲ್ಲಿ, ಇದೇ ಕೊಡಗಿನಲ್ಲಿ, ಮೆಕಾರ್ಥಿ ಎಂಬ ಅಧಿಕಾರಿ ಅದನ್ನು ಮೊಟ್ಟಮೊದಲು ವರದಿ ಮಾಡಿದನು. ರೋಗ ತಗುಲಿದ ಮರದಲ್ಲಿ ಎಲೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಗೆಣ್ಣುಗಳ ನಡುವಣ ಅಂತರ ಕುಗ್ಗುತ್ತದೆ. ಕಡೆಗೆ ಕೊಂಬೆಯ ಸುತ್ತ ಎಲೆಗಳೆಲ್ಲ ಸೂಜಿಗಳಂತೆ ಸೆಟೆದು ನಿಲ್ಲುತ್ತವೆ. ಹೂವಿಲ್ಲ, ಕಾಯಿಲ್ಲ, ಎರಡು ಮೂರು ವರ್ಷದಲ್ಲಿ ಮರ ಸಾಯುತ್ತದೆ. ಇಂಗ್ಲಿಷಿನಲ್ಲಿ ಸ್ಪೈಕ್ ಎಂದು ಕರೆದ ಈ ರೋಗ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೊಡಗು, ಮೈಸೂರು ಎರಡೂ ಸೀಮೆಗಳನ್ನು ವ್ಯಾಪಿಸಿ ಲಕ್ಷಗಟ್ಟಲೆ ಮರಗಳನ್ನು ಬಲಿ ತೆಗೆದುಕೊಂಡಿತು. ಕಾಡನ್ನೆಲ್ಲ ಮುಚ್ಚುತ್ತಿದ್ದ ಲಂಟಾನವೇ ಕಾರಣವೆಂದು ಕೆಲವರು ಬಗೆದರು. ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ಕಸಿಯ ಮೂಲಕ ರೋಗವು ಮರದಿಂದ ಮರಕ್ಕೆ ದಾಟುವುದೆಂದು ತೋರಿಸಿದರು. ಬಹಳ ಕಾಲ ವೈರಸ್ಸೆಂದು ತಿಳಿದಿದ್ದ ಈ ರೋಗಕ್ಕೆ ಮೂಲ, ಸಸ್ಯರಸವನ್ನು ಹೀರುವ ಜಿಗಿಹುಳುಗಳು ಹರಡುವ ಒಂದು ಸೂಕ್ಷ್ಮಜೀವಿ ಎಂಬುದು ತಿಳಿದುಬಂದುದು 1969ರಲ್ಲಿ. ಇಂದಿಗೂ ಅದಕ್ಕೆ ಮದ್ದಿಲ್ಲ.

ಆ ರೋಗ ಕಾಡನ್ನು ಬರಿದುಮಾಡುತ್ತಿದ್ದ ಕಾಲದಲ್ಲಿಯೇ ಗಂಧವು ಸಾಬೂನಿನೊಳಕ್ಕೆ ಪ್ರವೇಶಿಸಿತು. 1914ರ ಮಹಾಯುದ್ಧದಿಂದ ಯೂರೋಪಿಗೆ ಹೋಗುತ್ತಿದ್ದ ಗಂಧದ ಕೊರಡುಗಳ ರವಾನೆ ನಿಂತು, ಮೈಸೂರು ಸರ್ಕಾರದ ಕೋಠಿಗಳಲ್ಲಿ ಮರ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಭಟ್ಟಿಯನ್ನು ಸ್ಥಾಪಿಸಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ವಿದ್ಯೆಯನ್ನು ಕಲಿಸಿತಂದರು. ‘ಸೋಪ್ ಶಾಸ್ತ್ರಿ’ ಎಂದೇ ನಾಡು ಅವರನ್ನು ಕರೆಯಿತು. ಮೊಟ್ಟೆಯಾಕಾರದ ಆ ಗಂಧದ ಸಾಬೂನಿನ ಬಿಲ್ಲೆ, ಮೇಲೆ ಆನೆಯ ಸೊಂಡಿಲು ಸಿಂಹದ ಒಡಲು ಕೂಡಿದ ಶರಭದ ಮುದ್ರೆ, ಬಿಚ್ಚಿದ ಪೆಟ್ಟಿಗೆಯನ್ನು ಸೀರೆಗಳ ನಡುವೆ ಇಟ್ಟು ಪರಿಮಳ ಉಳಿಸಿಕೊಳ್ಳುವ ಹೆಂಗಸರ ಜಾಣ್ಮೆ, ಇವು ಕೊಡಗಿನ ಮನೆಗಳಿಗೂ ಬಂದುವು. ಅದಕ್ಕೂ ಮೊದಲೇ ವಿಲಾಯತಿ ಸಾಬೂನು ಬಂದಿತ್ತು. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೆ ಬಂದಿಳಿದಿದ್ದುವು. ಇತ್ತ 1854ರಲ್ಲಿ ಮಡಿಕೇರಿಯ ಘಟ್ಟದ ಕಡೆ ಯೂರೋಪಿಯನರ ಮೊದಲ ಕಾಫಿತೋಟವನ್ನು ಜಾನ್ ಫೌಲರ್ ತೆರೆದ ಮೇಲೆ ಬೆಳೆಯುತ್ತ ಬಂದ ತೋಟಗಳ ಬಂಗಲೆಗಳಿಗೂ, ಬಟವಾಡೆಯ ದಿನದ ಸಂತೆಗಳಿಗೂ ಅಂಥ ಸರಕು ತಲುಪುವುದಕ್ಕೆ ತಡವಾಗಲಿಲ್ಲ. ಸಾಬೂನು ಬಂದುದು ಕೇಡಾಯಿತೆಂದು ನಾನು ಹೇಳಲಾರೆ. ಮೆಳೆಗೆ ನುಗ್ಗಿ ಕಾಯಿ ತರಬೇಕಾಗಿಲ್ಲ, ನೆನೆಹಾಕಿ ಕುದಿಸಬೇಕಾಗಿಲ್ಲ; ದಿನವೆಲ್ಲ ಹಣ್ಣು ಬಿಡಿಸಿ ಬಂದ ಕೂಲಿಯ ಹೆಣ್ಣಿಗೆ ಒಂದು ಬಿಲ್ಲೆ ಸಾಬೂನು ಎಷ್ಟು ಹಗುರವಾದ ಉಪಕಾರವೆಂಬುದನ್ನು ಅರಿಯದೆ ಹಳೆಯದನ್ನು ಹೊಗಳುವುದು ನ್ಯಾಯವಾಗದು. ಕಳೆದುಹೋದುದು ಬೇರೆಯದು: ಬಿಲ್ಲೆಯನ್ನು ಕಿವಿಯ ಬಳಿ ಅಲ್ಲಾಡಿಸಿ ಏನೂ ತಿಳಿಯುವಂತಿರಲಿಲ್ಲ.

ನಮ್ಮ ಮನೆಯ ಗಂಧದ ಕೊರಡು ಒಂದು ಗೇಣುದ್ದ ಇದ್ದುದು ನನಗೆ ಬುದ್ಧಿ ಬರುವ ಹೊತ್ತಿಗೆ ನಾಲ್ಕು ಬೆರಳಿಗೆ ಇಳಿದಿತ್ತು. ಒಂದು ತುದಿ ಓರೆಯಾಗಿ ಸವೆದು ಕನ್ನಡಿಯಂತೆ ನುಣುಪಾಗಿತ್ತು. ಸಾಣೆಕಲ್ಲಿಗೆ ನಾಲ್ಕು ಹನಿ ನೀರು ಬಿಟ್ಟು, ಕೊರಡನ್ನು ಒತ್ತದೆ ಸುತ್ತುಸುತ್ತಾಗಿ ತೇಯಬೇಕು. ಒತ್ತಿದರೆ ಗಂಧ ಹಿಟ್ಟಾಗುತ್ತದೆ, ಒತ್ತದಿದ್ದರೆ ಬೆಣ್ಣೆಯಾಗುತ್ತದೆ. ಬೆವರುಸಾಲೆಗೆ, ಮೊಡವೆಗೆ, ಜ್ವರ ಬಂದವರ ಹಣೆಗೆ, ದೇವರಿಗೆ, ಎಲ್ಲಕ್ಕೂ ಅದೇ ಕೊರಡು. ನೆರೆಯ ಕೊಡವರ ಮನೆಯಲ್ಲಿ ಕೈಲ್ ಮುಹೂರ್ತದ ಬೆಳಗ್ಗೆ ಕೋವಿಗೂ ಒಡಿಕತ್ತಿಗೂ ಗಂಧ ಹಚ್ಚುವುದನ್ನು ನಾವು ಬೇಲಿಯಾಚೆಯಿಂದ ನೋಡುತ್ತಿದ್ದೆವು. ಕೆಲವು ವರ್ಷಗಳ ಹಿಂದೆ, ಕೊರಡು ಸವೆದು ಮುಗಿಯುತ್ತ ಬಂದಿದ್ದಾಗ, ಪೇಟೆಯ ಒಂದು ಅಂಗಡಿಯಿಂದ ‘ಅಪ್ಪಟ ಗಂಧದ ಪುಡಿ’ ಎಂದು ಬರೆದ ಡಬ್ಬಿಯನ್ನು ತಂದು, ಅಜ್ಜಿ ಕಲಿಸಿದ ಮೊಣಕೈಯ ಪರೀಕ್ಷೆಯನ್ನು ಮಾಡದೆಯೇ ತಂಗಿಯ ಮಗಳ ಕೆನ್ನೆಗೆ ಹಚ್ಚಿದೆವು. ಸಂಜೆಯೊಳಗೆ ಮಗುವಿನ ಕೆನ್ನೆ ಕೆಂಪಗೆ ಊದಿತು. ನೀರಿನಲ್ಲಿ ಕದಡಿ ನೋಡಿದರೆ ತಳದಲ್ಲಿ ಕೂತುದು ಯಾವುದೋ ಮರದ ಬಣ್ಣ ಹಾಕಿದ ಹೊಟ್ಟು. ಪರಿಮಳ ತಲೆಯ ಮೇಲಿಟ್ಟ ಹೊರೆಯಂತೆ ಭಾರವಾದುದು. ವೈದ್ಯರ ಮುಲಾಮಿನಿಂದ ವಾರದಲ್ಲಿ ಗುಣವಾಯಿತು. ನನ್ನ ಮನಸ್ಸಿನ ಉರಿ ಅಷ್ಟು ಬೇಗ ಇಳಿಯಲಿಲ್ಲ.

ಮೇಣದ ಮಾತನ್ನೂ ಹೇಳಬೇಕು. ಕೊಡಗಿನ ಜೇನು ಒಂದು ಕಾಲಕ್ಕೆ ದೇಶವೆಲ್ಲ ಹೆಸರಾಗಿತ್ತು. ಹೆಜ್ಜೇನು ಮತ್ತು ಕೋಲುಜೇನು ಸಾಕಿದರೆ ನಿಲ್ಲುವುವಲ್ಲ. ತುಡುವೆಯನ್ನು ಮಾತ್ರ ಪೆಟ್ಟಿಗೆಯಲ್ಲಿ ಇರಿಸಬಹುದು. ವಿರಾಜಪೇಟೆಯಲ್ಲಿ 1936ರಲ್ಲಿ ಜೇನು ಮತ್ತು ಮೇಣದ ಉತ್ಪಾದಕರ ಸಹಕಾರ ಸಂಘವು ಸ್ಥಾಪಿತವಾಯಿತು. ಸಂಘದ ಹೆಸರಿನಲ್ಲಿಯೇ ಮೇಣಕ್ಕೆ ಜೇನಿನ ಸಮಾನಸ್ಥಾನ ಕೊಟ್ಟುದನ್ನು ಗಮನಿಸಬೇಕು. ಒಂದು ಪಾಲು ಮೇಣವನ್ನು ನಾಲ್ಕು ಪಾಲು ಕೊಬ್ಬರಿ ಎಣ್ಣೆಯಲ್ಲಿ,  ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ, ಕರಗಿಸಿ ಆರಿಸಿದರೆ ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚುವ ಲೇಪವಾಗುತ್ತದೆ. ಗದ್ದೆಯ ಕೆಸರಿನಲ್ಲಿ ದಿನವೆಲ್ಲ ನಿಂತವರ ಕಾಲಿಗೆ ಬೇರೆ ಔಷಧವಿರಲಿಲ್ಲ. ಮೇಣ ಕರಗುವುದು ಅರುವತ್ತೆರಡು ಅರುವತ್ತುಮೂರು ಡಿಗ್ರಿಯ ಶಾಖದಲ್ಲಿ. ನೇರವಾಗಿ ಬೆಂಕಿಗಿಟ್ಟರೆ ಕಪ್ಪಾಗಿ ಕಮಟು ಹತ್ತುತ್ತದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣಭಾರತದ ತುಡುವೆಗಳ ಮೇಲೆ ಎರಗಿ, ಮರಿಹುಳುಗಳು ಕೋಶದಲ್ಲೇ ನೀರು ತುಂಬಿದ ಚೀಲಗಳಾಗಿ ಸತ್ತು, ಕೊಡಗಿನ ಪೆಟ್ಟಿಗೆಗಳು ಸಾವಿರಗಟ್ಟಲೆ ಖಾಲಿಯಾದುವು. ಕೊಡಗಿನ ಜೇನು ಆ ಪೆಟ್ಟಿನಿಂದ ಇನ್ನೂ ಪೂರ್ತಿಯಾಗಿ ಚೇತರಿಸಿಕೊಂಡಿಲ್ಲ. ಆದರೂ ‘ಕೂರ್ಗ್ ಜೇನು’ ಎಂಬ ಚೀಟಿ ಹೊತ್ತ ಸೀಸೆಗಳಿಗೆ ಪ್ರವಾಸಿಗಳ ರಸ್ತೆಯಲ್ಲಿ ಬರಗಾಲವಿಲ್ಲ.

ಈ ಕಥೆಯಲ್ಲಿ ನಾವು ಹೆಸರನ್ನೇ ಹೇಳದೆ ದಾಟಿಬಿಡುವ ಜನರು ಜೇನುಕುರುಬರು, ಬೆಟ್ಟಕುರುಬರು, ಯರವರು. ಸೀಗೆ, ಅಂಟುವಾಳ, ಜೇನು, ಮೇಣ, ಧೂಪ ಎಲ್ಲವನ್ನೂ ತಲೆಮಾರುಗಳಿಂದ ಪೇಟೆಗೆ ಇಳಿಸಿದವರು ಅವರು. ಬಳ್ಳಿಯನ್ನು ಬುಡಕ್ಕೆ ಕಡಿಯಬಾರದು, ಗೂಡಿನಲ್ಲಿ ಮರಿಯ ಭಾಗವನ್ನು ಬಿಟ್ಟು ಜೇನನ್ನು ಮಾತ್ರ ಕೊಯ್ಯಬೇಕು ಎಂಬ ಕಟ್ಟುಪಾಡು ಅವರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ತದನಂತರ ನಾಗರಹೊಳೆ ರಾಷ್ಟ್ರೀಯೋದ್ಯಾನದ ರಚನೆಯೂ ಕಾಡನ್ನು ಅವರಿಗೆ ಮುಚ್ಚಿದುವು. ಬಹಳ ಕುಟುಂಬಗಳು ಹಾಡಿಗಳನ್ನು ಬಿಟ್ಟು ಕಾಫಿತೋಟದ ಲೈನ್‌ಮನೆ ಸೇರಿದುವು. ಕಿರು ಅರಣ್ಯೋತ್ಪನ್ನದ ಮೇಲೆ ಅವರ ಒಡೆತನವನ್ನು ಒಪ್ಪಿಕೊಂಡುದು 2006ರ ಅರಣ್ಯ ಹಕ್ಕು ಕಾಯಿದೆ. ತಿತಿಮತಿ, ಬಸವನಹಳ್ಳಿಗಳಲ್ಲಿ ಗಿರಿಜನರ ಲ್ಯಾಂಪ್ಸ್ ಎಂಬ ವಿವಿಧೋದ್ದೇಶ ಸಹಕಾರ ಸಂಘಗಳು ಅವರು ತಂದುದನ್ನು ತೂಗಿ ಕೊಳ್ಳುತ್ತವೆ. ಚೆಂದದ ಕಾಗದ ಸುತ್ತಿದ ಶಾಂಪೂವಿನ ಬೆಲೆಯಲ್ಲಿ ಮುಳ್ಳು ಹೊಕ್ಕವನ ಪಾಲು ಎಷ್ಟೆಂದು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ದೇಶದಲ್ಲಿ ಪ್ರಸಾಧನ ಸಾಮಗ್ರಿಗಳು 1940ರ ಔಷಧ ಮತ್ತು ಪ್ರಸಾಧನ ಕಾಯಿದೆಗೂ 2020ರ ಪ್ರಸಾಧನ ನಿಯಮಗಳಿಗೂ ಒಳಪಟ್ಟಿವೆ. ಒಳಗಿರುವ ಪದಾರ್ಥಗಳನ್ನು ಹೆಚ್ಚಿರುವುದರಿಂದ ಕಡಿಮೆಯಿರುವುದರತ್ತ ಕ್ರಮವಾಗಿ ಚೀಟಿಯ ಮೇಲೆ ಮುದ್ರಿಸಬೇಕೆಂದು ನಿಯಮ ಹೇಳುತ್ತದೆ; ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಇರುವುದನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಹಾಕಬಹುದು. ಆದುದರಿಂದ ಡಬ್ಬಿಯ ಮುಂದಿನ ಹಸಿರೆಲೆಯ ಚಿತ್ರವನ್ನು ಬಿಟ್ಟು ಹಿಂದಿನ ಸಣ್ಣಕ್ಷರವನ್ನು ಓದಬೇಕು. ಸೀಗೆಯ ಹೆಸರು ಮುಂದೆ ದೊಡ್ಡದಾಗಿದ್ದು ಹಿಂದಿನ ಪಟ್ಟಿಯಲ್ಲಿ ಬಾಲದ ತುದಿಗೆ ಬಂದಿದ್ದರೆ, ಒಳಗಿರುವುದು ಸೀಗೆಯ ಹೆಸರು ಮಾತ್ರವೆಂದು ತಿಳಿಯಬಹುದು. ಸಾವಯವ ಬೆಳೆಗೆ 2001ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದರ ಪ್ರಮಾಣಪತ್ರದ ವ್ಯವಸ್ಥೆಯಿದೆ. ಅದು ಪ್ರಧಾನವಾಗಿ ಹೊಲಕ್ಕೂ ಆಹಾರಕ್ಕೂ ಸಂಬಂಧಿಸಿದುದು. ಮುಖಲೇಪದ ಮೇಲೆ ಆ ಮಾತು ಕಂಡಾಗ, ಯಾವ ಪದಾರ್ಥಕ್ಕೆ, ಯಾರು ಕೊಟ್ಟ ಪ್ರಮಾಣಪತ್ರ ಎಂದು ಕೇಳುವುದು ಕೊಳ್ಳುವವನ ಹಕ್ಕು. ಶ್ರೀಗಂಧವಂತೂ ಇಂದು ಅಳಿವಿನ ಭಯವಿರುವ ಮರಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಅಗ್ಗಕ್ಕೆ ಸಿಕ್ಕುವ ಗಂಧ ಗಂಧವಾಗಿರಲಾರದು. ಸೀಗೆ, ಅಂಟುವಾಳ, ಹೆಸರುಹಿಟ್ಟು, ಮೇಣ ಇವನ್ನು ಇಡಿಯಾಗಿ ಕೊಂಡು ಮನೆಯಲ್ಲಿ ಕುಟ್ಟಿ ಕರಗಿಸಿಕೊಳ್ಳುವವರಿಗೆ ಈ ಚೀಟಿ ಓದುವ ಕಷ್ಟವೇ ಇಲ್ಲ. ಕೊಡಗಿಗೆ ಬರುವವರು ದಯವಿಟ್ಟು ಹೆದ್ದಾರಿಯ ಅಂಗಡಿಗೆ ಮೊದಲು ಗಿರಿಜನರ ಸಂಘದ ಬಾಗಿಲಲ್ಲಿ ನಿಂತು ವಿಚಾರಿಸಿ; ಅಲ್ಲಿ ಕಾಡಿನ ಹೆಸರು ಕೇಳಿದರೆ ಹೇಳಬಲ್ಲವರು ಇನ್ನೂ ಇದ್ದಾರೆ.

ಗಂಧದ ಮರದ ಕಾನೂನು ಬದಲಾದ ಕೆಲವು ವರ್ಷಗಳ ಮೇಲೆ ನಮ್ಮ ತೋಟದ ಪೂರ್ವದ ಬೇಲಿಗೆ ನಾನು ಹನ್ನೆರಡು ಗಂಧದ ಸಸಿಗಳನ್ನು ನೆಟ್ಟೆ. ಬೇರು ಕಚ್ಚಿಕೊಳ್ಳಲೆಂದು ಪ್ರತಿಯೊಂದರ ಬುಡದಲ್ಲಿಯೂ ತೊಗರಿ ಹಾಕಿದೆ. ಮೂರು ಬೇಸಗೆಯಲ್ಲಿ ಒಣಗಿದುವು. ಎರಡರಲ್ಲಿ ಎಲೆ ಕಿರಿದಾಗಿ ಸೆಟೆದು ನಿಂತುದನ್ನು ಕಂಡು ನಾನೇ ಬೇರುಸಹಿತ ತೆಗೆಸಿದೆ. ಉಳಿದ ಏಳು ಮರಗಳು ಈ ವರ್ಷ ಹೂ ಬಿಟ್ಟಿವೆ.